ರೂಟ್ ಕೆನಾಲ್ ಆದಮೇಲೆ ಏನೇನಾಗುತ್ತದೆ? ಯಾವ ನೋವು ಸಹಜ, ಯಾವುದು ಅಲ್ಲ?

ರೂಟ್ ಕೆನಾಲ್ ಮಾಡಿಸಿಕೊಂಡು ಬಂದವರಿಂದ ನಾವು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಎರಡು. ಒಂದು, "ನರವನ್ನೇ ತೆಗೆದಿದ್ದಾರಂತೆ, ಆದರೂ ಯಾಕೆ ನೋಯುತ್ತಿದೆ?" ಇನ್ನೊಂದು, "ನೋವೆಲ್ಲ ಹೋಯಿತಲ್ಲ, ಇನ್ನು ಮತ್ತೆ ಯಾಕೆ ಹೋಗಬೇಕು?" ಮೊದಲನೆಯದನ್ನು ಕೇಳುವವರಲ್ಲಿ ಕೆಲವರು ಚಿಕಿತ್ಸೆಯೇ ಕೆಟ್ಟಿತು ಎಂದು ಹೆದರಿ, ಉಳಿಯಬಹುದಾಗಿದ್ದ ಹಲ್ಲನ್ನು ಕೀಳಿಸಿಬಿಡುತ್ತಾರೆ. ಎರಡನೆಯದನ್ನು ಕೇಳುವವರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುತ್ತಾರೆ. ಕೆಲ ತಿಂಗಳೋ ವರ್ಷವೋ ಕಳೆದ ಮೇಲೆ ಅದೇ ಹಲ್ಲು ಸೀಳಿ, ಮತ್ತೆ ವೈದ್ಯರ ಕುರ್ಚಿಯಲ್ಲಿ ಕೂರಬೇಕಾಗುತ್ತದೆ. ಎರಡೂ ಕಡೆ ನಷ್ಟವಾಗುವುದು ಹಲ್ಲು ಮತ್ತು ಹಣ.

ಹಾಗಾಗಿ ರೂಟ್ ಕೆನಾಲ್ ಆದ ಮೊದಲ ಗಂಟೆಯಿಂದ ಹಿಡಿದು ಮುಂದಿನ ಕೆಲವು ವರ್ಷಗಳವರೆಗೆ ಏನೇನು ನಿರೀಕ್ಷಿಸಬಹುದು, ಯಾವುದಕ್ಕೆ ಹೆದರಬೇಕಿಲ್ಲ, ಯಾವುದನ್ನು ಕಂಡರೆ ತಡಮಾಡದೆ ಹೋಗಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲಿಗೆ, ಹಲ್ಲಿನೊಳಗೆ ನಡೆದದ್ದೇನು?

ಹಲ್ಲಿನ ಹೊರಗಿನ ಗಟ್ಟಿ ಕವಚ ಎನಾಮೆಲ್. ಅದರ ಕೆಳಗೆ ಡೆಂಟಿನ್ ಎಂಬ ಪದರ. ಅದರೂ ಒಳಗೆ, ನಡುವಿನ ಟೊಳ್ಳಿನಲ್ಲಿ ಮೃದುವಾದ ತಿರುಳಿದೆ. ಇದರಲ್ಲಿ ರಕ್ತನಾಳಗಳೂ ನರಗಳೂ ಇವೆ. ಈ ತಿರುಳು ಹಲ್ಲಿನ ಬೇರುಗಳ ಒಳಗೆ ಸಣ್ಣ ಕಾಲುವೆಗಳಂತೆ ಇಳಿದು, ಬೇರಿನ ತುದಿಯಲ್ಲಿರುವ ಚಿಕ್ಕ ರಂಧ್ರದ ಮೂಲಕ ದವಡೆಯ ಮೂಳೆಯನ್ನು ಸೇರುತ್ತದೆ. ಈ ಕಾಲುವೆಗಳೇ 'ರೂಟ್ ಕೆನಾಲ್'ಗಳು. ಮುಂದಿನ ಹಲ್ಲುಗಳಲ್ಲಿ ಸಾಮಾನ್ಯವಾಗಿ ಒಂದೇ ಕಾಲುವೆ ಇರುತ್ತದೆ, ದವಡೆ ಹಲ್ಲುಗಳಲ್ಲಿ ಮೂರೋ ನಾಲ್ಕೋ ಇರುತ್ತವೆ.

ಹುಳುಕು ಆಳಕ್ಕಿಳಿದು ಬ್ಯಾಕ್ಟೀರಿಯಾಗಳು ತಿರುಳನ್ನು ತಲುಪಿದಾಗ ಅಲ್ಲಿ ಉರಿಯೂತ ಶುರುವಾಗುತ್ತದೆ. ಕೈಗೆ ಗಾಯವಾದರೆ ಊದಿಕೊಳ್ಳಲು ಜಾಗವಿದೆ. ಹಲ್ಲಿನೊಳಗೆ ಜಾಗವಿಲ್ಲ, ಸುತ್ತಲೂ ಗಟ್ಟಿ ಗೋಡೆ. ಒಳಗಿನ ಒತ್ತಡ ಏರಿ ನರಗಳನ್ನು ಹಿಂಡುತ್ತದೆ. ರಾತ್ರಿಯಿಡೀ ನಿದ್ದೆಗೆಡಿಸುವ ಆ ಹಲ್ಲುನೋವಿಗೆ ಕಾರಣ ಇದೇ. ಹೀಗೇ ಬಿಟ್ಟರೆ ತಿರುಳು ಸತ್ತು, ಸೋಂಕು ಬೇರಿನ ತುದಿಯಿಂದ ಮೂಳೆಗೆ ಹರಡಿ ಕೀವು ಕಟ್ಟುತ್ತದೆ.

ರೂಟ್ ಕೆನಾಲ್‌ನಲ್ಲಿ ವೈದ್ಯರು ಹಲ್ಲಿನ ಮೇಲ್ಭಾಗದಲ್ಲಿ ದಾರಿ ಮಾಡಿಕೊಂಡು, ಸೋಂಕು ತಗುಲಿದ ತಿರುಳನ್ನು ತೆಗೆಯುತ್ತಾರೆ. ಸೂಜಿಯಷ್ಟು ತೆಳುವಾದ ಫೈಲ್‌ಗಳಿಂದ ಕಾಲುವೆಗಳನ್ನು ಉಜ್ಜಿ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ಮತ್ತೆ ಮತ್ತೆ ತೊಳೆಯುತ್ತಾರೆ. ಚಿಕಿತ್ಸೆಯ ನಡುವೆ ಈಜುಕೊಳದ ನೀರಿನಂಥ ವಾಸನೆ ಬರುವುದು ಇದರಿಂದಲೇ. ಕೊನೆಗೆ ಖಾಲಿಯಾದ ಕಾಲುವೆಗಳಿಗೆ ಗುಟ್ಟಾ ಪರ್ಚಾ ಎಂಬ ವಸ್ತುವನ್ನು ತುಂಬಿ ಮುಚ್ಚುತ್ತಾರೆ. ಇದು ಆಗ್ನೇಯ ಏಷ್ಯಾದ ಒಂದು ಮರದ ಹಾಲಿನಿಂದ ಬರುವ, ರಬ್ಬರನ್ನು ಹೋಲುವ ಪದಾರ್ಥ. 1858ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಕಿದ ಟೆಲಿಗ್ರಾಫ್ ತಂತಿಗೆ ನೀರು ತಾಗದಂತೆ ಹೊದಿಸಿದ್ದೂ ಇದನ್ನೇ. ಅಲ್ಲಿ ಉಪ್ಪುನೀರನ್ನು ತಡೆದದ್ದು, ಇಲ್ಲಿ ಎಂಜಲು ಮತ್ತು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ.

ಮೊದಲ ಕೆಲವು ಗಂಟೆಗಳು: ತುಟಿಯ ಬಗ್ಗೆ ಎಚ್ಚರ

ಇಂಜೆಕ್ಷನ್ನಿನ ಜೋಮು ಸಾಮಾನ್ಯವಾಗಿ 2ರಿಂದ 4 ಗಂಟೆ ಇರುತ್ತದೆ. ಕೆಳದವಡೆಯ ಹಲ್ಲಾದರೆ ತುಟಿ, ನಾಲಿಗೆಯ ಒಂದು ಬದಿ ಮತ್ತು ಗಲ್ಲ ಇನ್ನೂ ಸ್ವಲ್ಪ ಹೊತ್ತು ಮರಗಟ್ಟಿರಬಹುದು. ಕನ್ನಡಿಯಲ್ಲಿ ನೋಡಿದರೆ ಏನೂ ಊದಿರುವುದಿಲ್ಲ, ಆದರೂ ತುಟಿ ದಪ್ಪಗಾದಂತೆ ಅನ್ನಿಸುತ್ತದೆ. ಇದು ಸಹಜ.

ಅಪಾಯವಿರುವುದು ಬೇರೆ ಕಡೆ. ಮರಗಟ್ಟಿದ ತುಟಿಯನ್ನೋ ಕೆನ್ನೆಯನ್ನೋ ಕಚ್ಚಿಕೊಂಡರೆ ನಿಮಗೆ ಗೊತ್ತೇ ಆಗುವುದಿಲ್ಲ. ಬಿಸಿ ಕಾಫಿ ನಾಲಿಗೆಯನ್ನು ಸುಟ್ಟರೂ ತಿಳಿಯುವುದಿಲ್ಲ. ಆದ್ದರಿಂದ ಜೋಮು ಇಳಿಯುವವರೆಗೆ ಅಗಿಯುವಂಥದ್ದನ್ನೂ ಬಿಸಿಯಾದದ್ದನ್ನೂ ತೆಗೆದುಕೊಳ್ಳಬೇಡಿ. ಮಕ್ಕಳಿಗೆ ಚಿಕಿತ್ಸೆಯಾಗಿದ್ದರೆ ಅವರ ಮೇಲೆ ಕಣ್ಣಿಟ್ಟಿರಿ. ಜೋಮು ಹಿಡಿದ ತುಟಿ ಮಕ್ಕಳಿಗೆ ಆಟದ ವಸ್ತು. ಅದನ್ನು ಕಚ್ಚಿ ಕಚ್ಚಿ ಗಾಯ ಮಾಡಿಕೊಳ್ಳುವುದು ತೀರಾ ಸಾಮಾನ್ಯ.

ಬಹಳ ಹೊತ್ತು ಬಾಯಿ ತೆರೆದುಕೊಂಡಿದ್ದರಿಂದ ಕಿವಿಯ ಮುಂದಿನ ದವಡೆಯ ಕೀಲು ನೋಯಬಹುದು, ಇಂಜೆಕ್ಷನ್ ಚುಚ್ಚಿದ ಜಾಗವೂ ಒಂದೆರಡು ದಿನ ನೋಯಬಹುದು. ಇವು ತಾವಾಗಿಯೇ ಕಡಿಮೆಯಾಗುತ್ತವೆ. ಮರುದಿನವಾದರೂ ತುಟಿ ಅಥವಾ ಗಲ್ಲದ ಜೋಮು ಹಾಗೇ ಉಳಿದಿದ್ದರೆ ಮಾತ್ರ ವೈದ್ಯರಿಗೆ ತಿಳಿಸಬೇಕು.

ನರ ತೆಗೆದ ಮೇಲೂ ನೋವೇಕೆ?

ಈಗ ಆ ಮೊದಲ ಪ್ರಶ್ನೆಗೆ ಬರೋಣ. ತೆಗೆದಿರುವುದು ಹಲ್ಲಿನ *ಒಳಗಿನ* ನರವನ್ನು. ಆದರೆ ಹಲ್ಲು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರವೊಂದಿದೆ. ಹಲ್ಲು ಇದರ ಮೇಲೆ ಒಂದು ಬಗೆಯ ಮೆತ್ತೆಯ ಮೇಲೆ ಕೂತಂತೆ ಕೂತಿದೆ. ಈ ಪದರಕ್ಕೆ ತನ್ನದೇ ರಕ್ತನಾಳಗಳಿವೆ, ತನ್ನದೇ ನರಗಳಿವೆ. ಅನ್ನದಲ್ಲಿ ಕಲ್ಲು ಸಿಕ್ಕ ಕ್ಷಣವೇ ನಿಮಗೆ ತಿಳಿಯುವುದು ಈ ನರಗಳಿಂದ. ರೂಟ್ ಕೆನಾಲ್ ಇವುಗಳನ್ನು ಮುಟ್ಟುವುದಿಲ್ಲ.

ಚಿಕಿತ್ಸೆಗೆ ಮುಂಚೆಯೇ ಸೋಂಕಿನಿಂದ ಈ ಪದರ ಕೆಂಗಣ್ಣಾಗಿರುತ್ತದೆ. ಅದರ ಮೇಲೆ ಬೇರಿನ ತುದಿಯವರೆಗೆ ಫೈಲ್ ಓಡಾಡಿದೆ, ದ್ರಾವಣ ಹರಿದಿದೆ, ಸತ್ತ ತಿರುಳಿನ ಚೂರುಗಳು ತುಸು ಆಚೆ ತಳ್ಳಲ್ಪಟ್ಟಿರಬಹುದು. ಹಾಗಾಗಿ ಅಲ್ಲಿ ಒಂದಷ್ಟು ದಿನ ಉರಿಯೂತ ಇದ್ದೇ ಇರುತ್ತದೆ. ಕಚ್ಚಿದಾಗ ನೋವು, ಬೆರಳಿನಿಂದ ತಟ್ಟಿದರೆ ನೋವು, ಹಲ್ಲು ಸ್ವಲ್ಪ ಮೇಲೆದ್ದಂತೆ ಅನ್ನಿಸುವುದು, ಇವೆಲ್ಲ ಅದರ ಲಕ್ಷಣಗಳು.

ಈ ನೋವು ಎಷ್ಟು ದಿನ? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಚಿಕಿತ್ಸೆಗೆ ಮುಂಚೆ ಶೇ. 81 ಮಂದಿಗೆ ನೋವಿತ್ತು. ಚಿಕಿತ್ಸೆಯಾದ ಒಂದು ದಿನಕ್ಕೆ ಅದು ಶೇ. 40ಕ್ಕೆ ಇಳಿದಿತ್ತು, ಏಳು ದಿನಗಳ ಹೊತ್ತಿಗೆ ಶೇ. 11ಕ್ಕೆ. ನೋವಿನ ತೀವ್ರತೆಯನ್ನು ನೂರು ಅಂಕಗಳ ಅಳತೆಯಲ್ಲಿ ನೋಡಿದರೆ ಮುಂಚೆ ಸರಾಸರಿ 54 ಇದ್ದದ್ದು, ಒಂದು ದಿನದಲ್ಲಿ 24ಕ್ಕೂ ವಾರದಲ್ಲಿ 5ಕ್ಕೂ ಇಳಿದಿತ್ತು.

ಈ ಅಂಕಿಗಳಲ್ಲಿ ಗಮನಿಸಬೇಕಾದದ್ದು ನೋವಿನ ದಿಕ್ಕು. ಮೊದಲ ದಿನ ನೋವಿರುವುದು ವಿಶೇಷವಲ್ಲ. ಹತ್ತರಲ್ಲಿ ನಾಲ್ವರಿಗೆ ಇರುತ್ತದೆ. ಆದರೆ ಅದು ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗಬೇಕು. ಇಳಿಯುತ್ತಿರುವ ನೋವಿಗೆ ಹೆದರಬೇಕಿಲ್ಲ. ಮೂರು ದಿನ ಕಳೆದರೂ ಇಳಿಯದ, ಅಥವಾ ಇಳಿದು ಮತ್ತೆ ಏರುತ್ತಿರುವ ನೋವಿಗೆ ವೈದ್ಯರನ್ನು ಕಾಣಬೇಕು.

ಒಂದು ಸಣ್ಣ ಕಾರಣ ಅನೇಕರಿಗೆ ಗೊತ್ತಿರುವುದಿಲ್ಲ. ತಾತ್ಕಾಲಿಕ ಫಿಲ್ಲಿಂಗ್ ಒಂದಿಷ್ಟು ಎತ್ತರವಾಗಿದ್ದರೆ, ಬಾಯಿ ಮುಚ್ಚಿದಾಗಲೆಲ್ಲ ಆ ಹಲ್ಲೇ ಮೊದಲು ತಾಗುತ್ತದೆ. ಮೊದಲೇ ನೊಂದ ಪದರಕ್ಕೆ ದಿನಕ್ಕೆ ನೂರಾರು ಸಲ ಪೆಟ್ಟು ಬಿದ್ದಂತೆ. ಜೋಮು ಇದ್ದಾಗ ಇದು ಗೊತ್ತಾಗುವುದಿಲ್ಲ. ಮರುದಿನ "ಈ ಹಲ್ಲೇ ಮೊದಲು ತಾಗುತ್ತಿದೆ" ಅನ್ನಿಸಿದರೆ ಫೋನ್ ಮಾಡಿ ಹೋಗಿ. ಎತ್ತರವನ್ನು ಕೊಂಚ ಉಜ್ಜಿ ಸರಿಪಡಿಸಲು ಕೆಲವೇ ನಿಮಿಷ ಸಾಕು.

ನೋವಿಗೆ ಏನು ತೆಗೆದುಕೊಳ್ಳಬೇಕು?

ಹಲ್ಲಿನ ನೋವಿಗೆ ಐಬುಪ್ರೊಫೇನ್ ಮತ್ತು ಪ್ಯಾರಸಿಟಮಾಲ್ ಚೆನ್ನಾಗಿ ಕೆಲಸ ಮಾಡುತ್ತವೆ. ಐಬುಪ್ರೊಫೇನ್ ಉರಿಯೂತವನ್ನೂ ತಗ್ಗಿಸುತ್ತದೆ. ವೈದ್ಯರು ಬರೆದುಕೊಟ್ಟದ್ದನ್ನು, ಬರೆದಷ್ಟೇ, ಊಟವಾದ ಮೇಲೆ ತೆಗೆದುಕೊಳ್ಳಿ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಎರಡೂ ಬೆರೆತಿರುವ ಮಾತ್ರೆಗಳು ಸಿಗುತ್ತವೆ. ಅದನ್ನು ನುಂಗಿ, ಜ್ವರಕ್ಕೆಂದು ಮನೆಯಲ್ಲಿಟ್ಟ ಪ್ಯಾರಸಿಟಮಾಲನ್ನೂ ನುಂಗಿದರೆ ಗೊತ್ತಿಲ್ಲದೆಯೇ ಎರಡು ಪಟ್ಟು ಪ್ರಮಾಣ ಹೋಗುತ್ತದೆ. ಪ್ಯಾರಸಿಟಮಾಲ್ ಅತಿಯಾದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಆದ್ದರಿಂದ ಮಾತ್ರೆಯ ಪಟ್ಟಿಯ ಹಿಂದೆ ಬರೆದಿರುವುದನ್ನು ಒಮ್ಮೆ ಓದಿ.

ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ಆಸ್ಪಿರಿನ್ ಬಗೆಯ ಮಾತ್ರೆಗೆ ಕೆರಳುವ ಅಸ್ತಮಾ ಇರುವವರಿಗೆ, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿರುವವರಿಗೆ ಮತ್ತು ಗರ್ಭಿಣಿಯರಿಗೆ ಐಬುಪ್ರೊಫೇನ್ ಸರಿಹೊಂದದೇ ಇರಬಹುದು. ಚಿಕಿತ್ಸೆಗೆ ಮುಂಚೆಯೇ ವೈದ್ಯರಿಗೆ ಹೇಳಿ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ: ಜ್ವರವೂ ಇದ್ದು ಡೆಂಗಿಯ ಅನುಮಾನವಿದ್ದರೆ ಐಬುಪ್ರೊಫೇನ್, ಆಸ್ಪಿರಿನ್ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಮನೆಮದ್ದುಗಳ ಬಗ್ಗೆಯೂ ಒಂದು ಮಾತು. ಲವಂಗದಲ್ಲಿರುವ ಯೂಜಿನಾಲ್ ನಿಜಕ್ಕೂ ನೋವನ್ನು ಮಂದಮಾಡುವ ವಸ್ತು, ದಂತವೈದ್ಯರೂ ಅದನ್ನು ಬಳಸುತ್ತಾರೆ. ಆದರೆ ರೂಟ್ ಕೆನಾಲ್ ಆದಮೇಲೆ ಹಲ್ಲಿನೊಳಗೆ ಅದು ತಲುಪಬೇಕಾದ ನರವೇ ಇಲ್ಲ. ಲವಂಗದ ಎಣ್ಣೆಯನ್ನು ಒಸಡಿಗೆ ಹಚ್ಚಿದರೆ ಒಸಡು ಸುಟ್ಟು ಬೊಬ್ಬೆ ಬರಬಹುದು. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟುಕೊಂಡರೂ ಅಷ್ಟೇ, ಅದು ಆಮ್ಲ. ಇನ್ನು ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ಹಲ್ಲಿನ ಸಂದಿಗೆ ಒತ್ತಿಟ್ಟುಕೊಳ್ಳುವ ಅಭ್ಯಾಸ ನಮ್ಮ ಕೆಲವು ಕಡೆ ಇದೆ. ಅದು ನೋವನ್ನು ವಾಸಿ ಮಾಡುವುದಿಲ್ಲ, ಗಾಯ ಮಾಗುವುದನ್ನು ತಡಮಾಡುತ್ತದೆ. ತಂಬಾಕಿನ ಚಟ ಎಷ್ಟೋ ಜನರಿಗೆ ಶುರುವಾಗುವುದೇ ಹೀಗೆ ಹಲ್ಲುನೋವಿನ ನೆಪದಲ್ಲಿ. ಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದರಿಂದ ಅಪಾಯವಿಲ್ಲ, ಒಸಡಿಗೆ ಹಿತವೂ ಹೌದು.

ಆಂಟಿಬಯಾಟಿಕ್ ಕೊಡಲಿಲ್ಲವಲ್ಲ?

"ಐದು ದಿನದ ಆಂಟಿಬಯಾಟಿಕ್ ಬರೆಯಲೇ ಇಲ್ಲ, ಡಾಕ್ಟರು ಮರೆತರೇನೋ" ಎಂದು ಕೆಲವರು ತಾವೇ ಅಂಗಡಿಯಲ್ಲಿ ಕೇಳಿ ತರುತ್ತಾರೆ. ವೈದ್ಯರು ಮರೆತಿರುವುದಿಲ್ಲ. ಸತ್ತ ತಿರುಳಿನಲ್ಲಿ ರಕ್ತದ ಹರಿವಿಲ್ಲ. ಮಾತ್ರೆ ರಕ್ತದ ಮೂಲಕವೇ ತಲುಪಬೇಕಾದ್ದರಿಂದ ಸೋಂಕಿನ ಬುಡಕ್ಕೆ ಅದು ಹೋಗುವುದೇ ಇಲ್ಲ. ಆ ಸೋಂಕನ್ನು ತೆಗೆಯುವ ದಾರಿ ಕಾಲುವೆಯನ್ನು ಶುಚಿ ಮಾಡುವುದು. ಅದು ಆಗಿದೆ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲಿ ಹೊರತಂದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಆರೋಗ್ಯವಂತ ವಯಸ್ಕರಲ್ಲಿ, ಹಲ್ಲಿಗೆ ನೇರ ಚಿಕಿತ್ಸೆ ಸಿಗುವಂತಿದ್ದರೆ, ತಿರುಳಿನ ನೋವಿಗೆ ಮತ್ತು ಬಾಯೊಳಗಿನ ಸ್ಥಳೀಯ ಊತಕ್ಕೆ ಬಹುತೇಕ ಸಂದರ್ಭಗಳಲ್ಲಿ ಆಂಟಿಬಯಾಟಿಕ್ ಬೇಡ.

ಜ್ವರ ಬಂದಿದ್ದರೆ, ಊತ ಮುಖಕ್ಕೆ ಅಥವಾ ಕುತ್ತಿಗೆಗೆ ಹರಡುತ್ತಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ವಿಷಯ ಬೇರೆ. ಆಗ ವೈದ್ಯರೇ ಬರೆಯುತ್ತಾರೆ. ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರಿಗೆ ಚಿಕಿತ್ಸೆಗೆ ಮುಂಚೆಯೇ ಒಂದು ಡೋಸ್ ಕೊಡುವ ಪದ್ಧತಿಯಿದೆ, ಆದ್ದರಿಂದ ಅಂಥವರು ಅದನ್ನು ಮೊದಲೇ ತಿಳಿಸಬೇಕು.

ಊಟ, ತಿಂಡಿ, ಹಲ್ಲುಜ್ಜುವುದು

ಕ್ಯಾಪ್ ಹಾಕಿಸುವವರೆಗೆ ಆ ಬದಿಯಲ್ಲಿ ಗಟ್ಟಿ ಪದಾರ್ಥ ಅಗಿಯಬೇಡಿ. ಮೊದಲ ಒಂದೆರಡು ದಿನಕ್ಕೆ ಇಡ್ಲಿ, ಮೊಸರನ್ನ, ಮೃದುವಾದ ಉಪ್ಪಿಟ್ಟು, ಗಂಜಿ, ಬೇಯಿಸಿದ ತರಕಾರಿ ಸುಖ. ಮುದ್ದೆ ಉಣ್ಣುವವರು ಪುಣ್ಯವಂತರು, ಅದನ್ನು ಅಗಿಯಲೇಬೇಕಿಲ್ಲ. ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ಹುರಿದ ಕಡಲೆ, ಚಿಕ್ಕಿ, ಕಬ್ಬು, ಅಡಿಕೆ ದೂರವಿರಲಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಚಿಕಿತ್ಸೆಯಾಗಿದ್ದರೆ ಸಕ್ಕರೆ ಅಚ್ಚು, ಒಣಕೊಬ್ಬರಿ ಚೂರುಗಳನ್ನು ಇನ್ನೊಂದು ಬದಿಗೆ ತಳ್ಳಿ. ಅಂಟುವ ತಿನಿಸುಗಳು ತಾತ್ಕಾಲಿಕ ಫಿಲ್ಲಿಂಗನ್ನೇ ಕಿತ್ತು ತರಬಲ್ಲವು.

ಹಲ್ಲುಜ್ಜುವುದನ್ನು ನಿಲ್ಲಿಸಬೇಡಿ. ಮೃದುವಾದ ಬ್ರಷ್‌ನಿಂದ ಆ ಹಲ್ಲನ್ನೂ ಎಂದಿನಂತೆ ಉಜ್ಜಿ. ಕೆಲಸಕ್ಕೆ, ಕಾಲೇಜಿಗೆ ಹೆಚ್ಚಿನವರು ಮರುದಿನವೇ ಹೋಗಬಹುದು. ಮಧುಮೇಹ ಇರುವವರು ಸಕ್ಕರೆಯ ಮಟ್ಟವನ್ನು ಹಿಡಿತದಲ್ಲಿಟ್ಟುಕೊಳ್ಳಬೇಕು, ಏರಿದ ಸಕ್ಕರೆ ಗಾಯ ಮಾಗುವುದನ್ನು ನಿಧಾನಿಸುತ್ತದೆ. ಮೆತ್ತಗಿನ ಊಟದ ನೆಪದಲ್ಲಿ ಊಟವನ್ನೇ ಬಿಟ್ಟು ಮಧುಮೇಹದ ಮಾತ್ರೆ ಮಾತ್ರ ನುಂಗುವುದೂ ಅಪಾಯ.

ಎರಡು ಭೇಟಿಗಳ ನಡುವೆ

ಕೆಲವರಿಗೆ ಒಂದೇ ಭೇಟಿಯಲ್ಲಿ ಮುಗಿಯುತ್ತದೆ, ಕೆಲವರಿಗೆ ಎರಡು ಮೂರು ಸಲ ಕರೆಯುತ್ತಾರೆ. "ದುಡ್ಡಿಗಾಗಿ ಅಲೆಸುತ್ತಾರೆ" ಎಂಬ ಅನುಮಾನ ಬೇಡ. ಸೋಂಕು ಹೆಚ್ಚಿದ್ದರೆ, ಕೀವು ಸುರಿಯುತ್ತಿದ್ದರೆ, ಕಾಲುವೆಗಳು ಬಾಗಿ ಕಿರಿದಾಗಿದ್ದರೆ ನಡುವೆ ಔಷಧ ಇಟ್ಟು ಕಾಯುತ್ತಾರೆ. ಒಂದೇ ಭೇಟಿ ಮತ್ತು ಹಲವು ಭೇಟಿಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಹಲ್ಲು ವಾಸಿಯಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಒಂದೇ ಭೇಟಿಯಲ್ಲಿ ಮುಗಿಸಿದವರಿಗೆ ಮೊದಲ ವಾರದ ನೋವು ತುಸು ಹೆಚ್ಚು ಅಷ್ಟೇ.

ಈ ನಡುವಿನ ದಿನಗಳೇ ಜನ ಹೆಚ್ಚು ಎಡವುವ ಜಾಗ. ತಿರುಳು ತೆಗೆದ ಮೊದಲ ದಿನವೇ ಆ ಭೀಕರ ನೋವು ನಿಂತಿರುತ್ತದೆ. ಮದುವೆ, ಪರೀಕ್ಷೆ, ಕೊಯ್ಲು ಎಂದು ಮುಂದಿನ ಭೇಟಿ ತಪ್ಪುತ್ತದೆ. ಆದರೆ ಹಲ್ಲಿನ ಬಾಯಿಗೆ ಹಾಕಿರುವುದು ತಾತ್ಕಾಲಿಕ ಮುಚ್ಚಳ. ಅದು ಕೆಲವು ವಾರಗಳಿಗಷ್ಟೇ. ದಿನ ಕಳೆದಂತೆ ಸವೆದು, ಅಂಚಿನಲ್ಲಿ ಬಿಟ್ಟುಕೊಂಡು, ಎಂಜಲಿನ ಜೊತೆ ಬ್ಯಾಕ್ಟೀರಿಯಾಗಳು ಮತ್ತೆ ಒಳಗೆ ಇಳಿಯುತ್ತವೆ. ಈ ಸಲ ಎಚ್ಚರಿಸಲು ಹಲ್ಲಿನೊಳಗೆ ನರವಿಲ್ಲ. ಸೋಂಕು ಸದ್ದಿಲ್ಲದೆ ಮೂಳೆಯವರೆಗೆ ಹೋದ ಮೇಲೆಯೇ ಗೊತ್ತಾಗುವುದು.

ಫಿಲ್ಲಿಂಗಿನ ಮೇಲ್ಮೈ ಚೂರು ಸವೆಯುವುದು ಸಾಮಾನ್ಯ. ಪೂರ್ತಿ ಬಿದ್ದುಹೋಗಿದ್ದರೆ, ಅಥವಾ ನಾಲಿಗೆಗೆ ಗುಳಿ ಸಿಗುತ್ತಿದ್ದರೆ, ಮುಂದಿನ ದಿನಾಂಕಕ್ಕೆ ಕಾಯದೆ ಹೋಗಿ ಮುಚ್ಚಿಸಿಕೊಳ್ಳಿ.

ಕ್ಯಾಪ್ ಬೇಕೇ ಬೇಕೆ?

ಬಹಳ ಮಂದಿ ಖರ್ಚು ನೋಡಿ ಕೈಬಿಡುವುದು ಇದನ್ನೇ. ಹಾಗಾಗಿ ಕಾರಣವನ್ನು ಸರಿಯಾಗಿ ತಿಳಿಯೋಣ.

ರೂಟ್ ಕೆನಾಲ್ ಆದ ಹಲ್ಲು ನೀರಿಲ್ಲದ ಗಿಡದಂತೆ ಒಣಗಿ ಪುಡಿಪುಡಿಯಾಗುತ್ತದೆ ಎಂಬ ನಂಬಿಕೆಯಿದೆ. ಇದು ನಿಜವಲ್ಲ. 1989ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹಲ್ಲಿನ ಬಿಗುವನ್ನು ಹಂತ ಹಂತವಾಗಿ ಅಳೆದರು. ರೂಟ್ ಕೆನಾಲ್ ಕೆಲಸದಿಂದ ಬಿಗು ಕಡಿಮೆಯಾದದ್ದು ಶೇ. 5ರಷ್ಟು ಮಾತ್ರ. ಹಲ್ಲಿನ ನಡುವನ್ನೂ ಎರಡೂ ಬದಿಯ ಅಂಚುಗಳನ್ನೂ ಸೇರಿಸಿ ಕೊರೆದಾಗ ಶೇ. 63ರಷ್ಟು ಕಡಿಮೆಯಾಯಿತು. ಅಂದರೆ ಹಲ್ಲನ್ನು ದುರ್ಬಲ ಮಾಡುವುದು ನರ ಹೋದದ್ದಲ್ಲ, ಗೋಡೆ ಹೋದದ್ದು. ರೂಟ್ ಕೆನಾಲ್‌ವರೆಗೆ ಬಂದ ಹಲ್ಲಿನಲ್ಲಿ ಹುಳುಕು ಆಗಲೇ ಸಾಕಷ್ಟು ಗೋಡೆಯನ್ನು ತಿಂದಿರುತ್ತದೆ.

ಊಟ ಅಗಿಯುವಾಗ ಹೆಚ್ಚಿನ ಒತ್ತಡ ಬೀಳುವುದು ದವಡೆ ಹಲ್ಲಿನ ಮೇಲೆ. ತೆಳುವಾದ ಗೋಡೆಗಳು ಬೆಣೆ ಹೊಡೆದ ಸೌದೆಯಂತೆ ಇಬ್ಭಾಗವಾಗುತ್ತವೆ. ಕ್ಯಾಪ್ ಎಂದರೆ ಆ ಗೋಡೆಗಳನ್ನು ಹೊರಗಿನಿಂದ ಹಿಡಿದಿಡುವ ಬಿಗಿಯಾದ ಪಟ್ಟಿ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಾರಲ್ಲ, ಹಾಗೆ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೂಟ್ ಕೆನಾಲ್ ಆಗಿ ಕ್ಯಾಪ್ ಹಾಕಿಸದ ಹಲ್ಲುಗಳು ಕ್ಯಾಪ್ ಹಾಕಿಸಿದವುಗಳಿಗಿಂತ ಸುಮಾರು ಆರು ಪಟ್ಟು ವೇಗದಲ್ಲಿ ಕಳೆದುಹೋಗಿದ್ದವು.

ಎಲ್ಲ ಹಲ್ಲಿಗೂ ಕ್ಯಾಪ್ ಬೇಕಿಲ್ಲ. ಹೆಚ್ಚು ಸವೆಯದ ಮುಂದಿನ ಹಲ್ಲಿಗೆ ಒಳ್ಳೆಯ ಫಿಲ್ಲಿಂಗ್ ಸಾಕಾಗಬಹುದು. ದವಡೆ ಹಲ್ಲುಗಳಿಗೆ ಬಹುತೇಕ ಬೇಕು. ಖರ್ಚೇ ತೊಡಕಾದರೆ ಕೇಳಲು ಸಂಕೋಚ ಬೇಡ. ಬಿಳಿ ಬಣ್ಣದ ಜಿರ್ಕೋನಿಯಾ ಕ್ಯಾಪ್ ದುಬಾರಿ, ಲೋಹದ್ದು ಅಗ್ಗ. ನಕ್ಕರೂ ಕಾಣದ ಹಿಂದಿನ ದವಡೆ ಹಲ್ಲಿಗೆ ಲೋಹದ ಕ್ಯಾಪ್ ಗಟ್ಟಿಯಾಗಿ ಬಾಳುತ್ತದೆ. ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಲ್ಲೂ, ರಾಜ್ಯದ ಹಲವು ಊರುಗಳಲ್ಲಿರುವ ದಂತ ಕಾಲೇಜುಗಳಲ್ಲೂ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ ಖರ್ಚಿನಲ್ಲಿ ಈ ಕೆಲಸ ಆಗುತ್ತದೆ. ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಮಾಡುವುದರಿಂದ ಸಮಯ ಹೆಚ್ಚು ಹಿಡಿಯಬಹುದು.

ಇವನ್ನು ಕಂಡರೆ ಕಾಯಬೇಡಿ

ನೂರರಲ್ಲಿ ಕೆಲವರಿಗೆ ಚಿಕಿತ್ಸೆಯಾದ ಕೆಲವು ಗಂಟೆ ಅಥವಾ ದಿನಗಳಲ್ಲಿ ನೋವು ಒಮ್ಮೆಲೇ ಕೆರಳಿ ಊತ ಬರುವುದುಂಟು. ಸೋಂಕಿನ ಚೂರುಗಳು ಬೇರಿನ ತುದಿಯಾಚೆ ಹೋದಾಗ ಹೀಗಾಗುತ್ತದೆ. ಹಲ್ಲು ಕೆಟ್ಟಿತೆಂದು ಇದರ ಅರ್ಥವಲ್ಲ; ಮತ್ತೆ ತೆರೆದು ತೊಳೆದು, ಕೀವಿದ್ದರೆ ಹೊರಬಿಟ್ಟರೆ ಹೆಚ್ಚಿನವು ಸರಿಹೋಗುತ್ತವೆ. ಕೆಳಗಿನ ಯಾವುದಾದರೂ ಇದ್ದರೆ ಅದೇ ದಿನ ವೈದ್ಯರನ್ನು ಕಾಣಿ:

- ಮಾತ್ರೆಗೂ ಬಗ್ಗದ, ಹೆಚ್ಚುತ್ತಲೇ ಇರುವ ನೋವು
- ಒಸಡು ಅಥವಾ ಕೆನ್ನೆಯ ಊತ ದೊಡ್ಡದಾಗುತ್ತಿರುವುದು
- ಜ್ವರ, ಚಳಿ, ಸುಸ್ತು
- ಔಷಧದ ನಂತರ ಮೈಮೇಲೆ ದದ್ದು, ತುರಿಕೆ

ಇವುಗಳಿಗಿಂತ ಗಂಭೀರವಾದವು ಕೆಲವಿವೆ. ಗದ್ದದ ಕೆಳಗೆ, ಕುತ್ತಿಗೆಯ ಮೇಲೆ ಊತ ಹರಡುವುದು, ಬಾಯಿ ತೆರೆಯಲಾಗದಿರುವುದು, ಎಂಜಲು ನುಂಗಲೂ ಕಷ್ಟವಾಗುವುದು, ಉಸಿರಾಟಕ್ಕೆ ತೊಂದರೆ, ಕಣ್ಣಿನ ಸುತ್ತ ಊದಿ ರೆಪ್ಪೆ ಮುಚ್ಚುವುದು. ಇವು ಅಪರೂಪ. ಆದರೆ ಬಂದರೆ ಬೆಳಗಾಗಲಿ ಎಂದು ಕೂರುವಂತಿಲ್ಲ, ಕ್ಲಿನಿಕ್ ಮುಚ್ಚಿದ್ದರೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಗದ್ದದಡಿಯ ಸೋಂಕು ಊದಿ ಉಸಿರಿನ ದಾರಿಯನ್ನೇ ಮುಚ್ಚಬಲ್ಲದು.

ತಿಂಗಳು, ವರ್ಷಗಳು ಕಳೆದ ಮೇಲೆ

ಬೇರಿನ ತುದಿಯಲ್ಲಿ ಮೂಳೆ ಕರಗಿದ್ದರೆ ಎಕ್ಸ್‌ರೇಯಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ಸೋಂಕಿನ ಮೂಲ ಹೋದ ಮೇಲೆ ದೇಹ ಅಲ್ಲಿ ನಿಧಾನವಾಗಿ ಹೊಸ ಮೂಳೆ ತುಂಬುತ್ತದೆ. ಇದಕ್ಕೆ ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷಗಳು. ಆದ್ದರಿಂದಲೇ ಒಂದು ವರ್ಷದ ನಂತರ ಒಂದು ಎಕ್ಸ್‌ರೇ, ಮಚ್ಚೆ ಪೂರ್ತಿ ಮಾಯವಾಗಿಲ್ಲದಿದ್ದರೆ ನಾಲ್ಕು ವರ್ಷಗಳವರೆಗೆ ಗಮನಿಸುವುದು ರೂಢಿ. ಮೂರನೇ ತಿಂಗಳಿಗೆ ಮಚ್ಚೆ ಇನ್ನೂ ಇದೆ ಎಂದು ಹಲ್ಲು ಕೀಳಿಸುವ ಅಗತ್ಯವಿಲ್ಲ.

ಸರಿಯಾಗಿ ಮುಗಿಸಿದ ಹಲ್ಲು ಎಷ್ಟು ಬಾಳುತ್ತದೆ? ಅನೇಕ ಅಧ್ಯಯನಗಳನ್ನು ಒಟ್ಟು ಮಾಡಿದ 2010ರ ವಿಶ್ಲೇಷಣೆಯಂತೆ, 2ರಿಂದ 10 ವರ್ಷಗಳ ಅವಧಿಯಲ್ಲಿ ಇಂಥ ಹಲ್ಲುಗಳಲ್ಲಿ ಶೇ. 86ರಿಂದ 93ರಷ್ಟು ಬಾಯಲ್ಲಿ ಉಳಿದಿದ್ದವು.

ಆ ಹಲ್ಲಿಗೆ ಇನ್ನು ಬಿಸಿ, ತಣ್ಣಗಿನದು ಜುಮ್ಮೆನ್ನುವುದಿಲ್ಲ. ಐಸ್‌ಕ್ರೀಂ ತಿಂದಾಗ ಜುಮ್ಮೆಂದರೆ ಅದು ಪಕ್ಕದ ಹಲ್ಲಿರಬಹುದು, ಅಥವಾ ಶುಚಿಯಾಗದೆ ಉಳಿದ ಕಾಲುವೆಯಿರಬಹುದು, ತೋರಿಸಿ. ಕೆಲವು ಹಲ್ಲುಗಳು ಕಾಲಾಂತರದಲ್ಲಿ ಬೂದು ಬಣ್ಣಕ್ಕೆ ತಿರುಗುತ್ತವೆ. ಮುಂದಿನ ಹಲ್ಲಾಗಿದ್ದರೆ ಒಳಗಿನಿಂದಲೇ ಬಿಳುಪು ಮಾಡುವ ವಿಧಾನವಿದೆ. ಒಸಡಿನ ಮೇಲೆ ಮೊಡವೆಯಂಥ ಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತಿದ್ದರೆ ನೋವಿಲ್ಲದಿದ್ದರೂ ಅಲಕ್ಷಿಸಬೇಡಿ. ಅದು ಒಳಗಿನ ಕೀವು ಹೊರಬರುವ ದಾರಿ. ಆಗ ರೂಟ್ ಕೆನಾಲನ್ನು ಮತ್ತೊಮ್ಮೆ ಮಾಡಬಹುದು, ಇಲ್ಲವೇ ಬೇರಿನ ತುದಿಗೆ ಸಣ್ಣ ಶಸ್ತ್ರಚಿಕಿತ್ಸೆ ಮಾಡಬಹುದು. ನರವಿಲ್ಲದ ಹಲ್ಲಿಗೂ ಹುಳುಕು ಹಿಡಿಯುತ್ತದೆ ಎಂಬುದೂ ನೆನಪಿರಲಿ. ಕ್ಯಾಪಿನ ಅಂಚಿನ ಕೆಳಗೆ ಹುಳುಕು ನೋವಿಲ್ಲದೆ ಬೆಳೆಯುತ್ತದೆ.

ಕೇಳಿಬರುವ ಕೆಲವು ನಂಬಿಕೆಗಳು

*"ಮೇಲಿನ ಹಲ್ಲಿನ ನರ ಮುಟ್ಟಿದರೆ ಕಣ್ಣು ಮಂದವಾಗುತ್ತದೆ."* ಹಲ್ಲಿನ ಸಂವೇದನೆಯನ್ನು ಮಿದುಳಿಗೆ ಒಯ್ಯುವುದು ತ್ರಿಧಾರಾ ನರ. ಅದರ ಮೂರು ಕವಲುಗಳಲ್ಲಿ ಒಂದು ಕಣ್ಣು, ಹಣೆಯ ಕಡೆಗೂ ಉಳಿದೆರಡು ಮೇಲಿನ ಮತ್ತು ಕೆಳಗಿನ ದವಡೆಗೂ ಹೋಗುತ್ತವೆ. ಹಲ್ಲುನೋವು ಕಣ್ಣಿನವರೆಗೆ ಸೆಳೆದಂತೆ ಅನ್ನಿಸುವುದು ಇದರಿಂದ. ಆದರೆ ನೋಟವನ್ನು ಒಯ್ಯುವ ನರವೇ ಬೇರೆ. ಹಲ್ಲಿನ ಚಿಕಿತ್ಸೆ ಅದನ್ನು ಮುಟ್ಟುವುದಿಲ್ಲ.

*"ರೂಟ್ ಕೆನಾಲ್‌ನಿಂದ ಕ್ಯಾನ್ಸರ್, ಹೃದ್ರೋಗ ಬರುತ್ತದೆ."* ಇದರ ಬೇರು ನೂರು ವರ್ಷ ಹಳೆಯದು. ಅಮೆರಿಕದ ದಂತವೈದ್ಯ ವೆಸ್ಟನ್ ಪ್ರೈಸ್ 1920ರ ದಶಕದಲ್ಲಿ ಇಂಥ ಹಲ್ಲುಗಳೇ ದೇಹದ ನಾನಾ ರೋಗಗಳಿಗೆ ಮೂಲ ಎಂದು ಪ್ರಚಾರ ಮಾಡಿದರು. ಆ ನಂಬಿಕೆಯಿಂದ ಅಸಂಖ್ಯ ಜನರ ಹಲ್ಲು ಕೀಳಲಾಯಿತು, ರೋಗಗಳು ಮಾತ್ರ ವಾಸಿಯಾಗಲಿಲ್ಲ. ನಂತರದ ಸರಿಯಾದ ಪ್ರಯೋಗಗಳಲ್ಲಿ ಅವರ ಫಲಿತಾಂಶಗಳು ನಿಲ್ಲಲಿಲ್ಲ. ಇದೇ ವಾದವನ್ನು ಹೊತ್ತ 'ರೂಟ್ ಕಾಸ್' ಎಂಬ ಚಿತ್ರವನ್ನು ವೈದ್ಯರ ಆಕ್ಷೇಪದ ನಡುವೆ ನೆಟ್‌ಫ್ಲಿಕ್ಸ್ 2019ರಲ್ಲಿ ತೆಗೆದುಹಾಕಿತು. 2013ರ ಒಂದು ಅಧ್ಯಯನದಲ್ಲಿ, ಹಲವು ರೂಟ್ ಕೆನಾಲ್ ಮಾಡಿಸಿಕೊಂಡವರಲ್ಲಿ ತಲೆ-ಕುತ್ತಿಗೆಯ ಕ್ಯಾನ್ಸರ್ ಹೆಚ್ಚಿರಲಿಲ್ಲ, ಕಡಿಮೆಯೇ ಇತ್ತು. ಹಾಗೆಂದು ರೂಟ್ ಕೆನಾಲ್ ಕ್ಯಾನ್ಸರ್ ತಡೆಯುತ್ತದೆ ಎಂದಲ್ಲ. ಅದರಿಂದ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದಷ್ಟೇ.

*"ಕೀಳಿಸಿದರೆ ಒಂದೇ ದಿನಕ್ಕೆ ತಂಟೆ ಮುಗಿಯುತ್ತದೆ."* ಕೀಳಿಸಿದ ಜಾಗ ಖಾಲಿಯಾದರೆ ಪಕ್ಕದ ಹಲ್ಲುಗಳು ಅದರೊಳಗೆ ವಾಲುತ್ತವೆ, ಎದುರಿನ ಹಲ್ಲು ಇಳಿಯುತ್ತದೆ ಇಲ್ಲವೇ ಏಳುತ್ತದೆ, ಅಲ್ಲಿನ ಮೂಳೆ ಕರಗುತ್ತದೆ. ಆಮೇಲೆ ಬ್ರಿಡ್ಜ್ ಅಥವಾ ಇಂಪ್ಲಾಂಟ್ ಹಾಕಿಸಹೋದರೆ ಸಾಮಾನ್ಯವಾಗಿ ಕ್ಯಾಪಿಗಿಂತ ಹೆಚ್ಚು ಖರ್ಚು. ಉಳಿಸಲಾಗದ ಹಲ್ಲುಗಳೂ ಇವೆ, ನಿಜ. ಬೇರಿನವರೆಗೆ ಸೀಳಿದ್ದರೆ ಕೀಳಲೇಬೇಕು. ಉಳಿಯುವ ಹಲ್ಲನ್ನು ಉಳಿಸಿಕೊಳ್ಳುವುದೇ ಮೇಲು.

ಕ್ಲಿನಿಕ್‌ನಿಂದ ಹೊರಡುವ ಮುನ್ನ ಕೇಳಿಕೊಳ್ಳಿ

ಹೊರಡುವ ಗಡಿಬಿಡಿಯಲ್ಲಿ ಕೇಳಬೇಕಾದದ್ದು ಮರೆಯುತ್ತದೆ. ಈ ಐದನ್ನು ಫೋನಿನಲ್ಲಿ ಬರೆದಿಟ್ಟುಕೊಂಡರೆ ಒಳ್ಳೆಯದು:

1. ಇವತ್ತು ಕೆಲಸ ಪೂರ್ತಿಯಾಯಿತೇ, ಇನ್ನೂ ಬಾಕಿಯಿದೆಯೇ? ಮುಂದಿನ ಭೇಟಿ ಯಾವಾಗ?
2. ಹಾಕಿರುವುದು ತಾತ್ಕಾಲಿಕ ಫಿಲ್ಲಿಂಗೋ, ಶಾಶ್ವತದ್ದೋ?
3. ಕ್ಯಾಪ್ ಬೇಕೇ? ಬೇಕಾದರೆ ಎಷ್ಟು ವಾರದೊಳಗೆ, ಯಾವ ಬಗೆಯದು, ಎಷ್ಟು ಖರ್ಚು?
4. ನನಗಿರುವ ಕಾಯಿಲೆಗೆ, ನಾನು ತೆಗೆದುಕೊಳ್ಳುವ ಔಷಧಕ್ಕೆ ಈ ನೋವಿನ ಮಾತ್ರೆ ಹೊಂದುತ್ತದೆಯೇ?
5. ರಾತ್ರಿ ಅಥವಾ ಭಾನುವಾರ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?

ಎಕ್ಸ್‌ರೇಯ ಒಂದು ಫೋಟೊವನ್ನೂ ಫೋನಿನಲ್ಲಿ ಉಳಿಸಿಕೊಳ್ಳಿ. ಊರು ಬದಲಾಗಿ ಬೇರೆ ವೈದ್ಯರ ಬಳಿ ಹೋದಾಗ ಹಿಂದೆ ಏನಾಗಿತ್ತು ಎಂಬುದನ್ನು ಅದು ಹೇಳುತ್ತದೆ. ಇದೇ ವಾರ ರೂಟ್ ಕೆನಾಲ್ ಮಾಡಿಸಿಕೊಂಡು ಒಂದು ಕೈಯಲ್ಲಿ ಕೆನ್ನೆ ಹಿಡಿದು ಇದನ್ನು ಓದುತ್ತಿರುವವರಿಗೆ ನಾವು ಹೇಳುವುದಿಷ್ಟೇ: ನೋವು ನಿನ್ನೆಗಿಂತ ಇವತ್ತು ಕಡಿಮೆಯಿದೆಯೇ ನೋಡಿಕೊಳ್ಳಿ. ಕಡಿಮೆಯಿದ್ದರೆ ಮೊಸರನ್ನ ತಿಂದು ನಿದ್ದೆ ಮಾಡಿ, ಮುಂದಿನ ಭೇಟಿಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹೆಚ್ಚಾಗುತ್ತಿದ್ದರೆ ನಾಳೆಗೆ ಮುಂದೂಡದೆ ಈಗಲೇ ವೈದ್ಯರಿಗೆ ಫೋನ್ ಮಾಡಿ.